ಆ್ಯಪ್ ಇರಲಿ, ಕಿಟಕಿಯೂ ಇರಲಿ

ನಮ್ಮಲ್ಲಿ ಹಲವರ ಮನೆಗಳಲ್ಲಿ ಟಿಕೆಟ್ ಕೊಳ್ಳುವ ಕೆಲಸ ಈಗ ಹದಿನೇಳು-ಹದಿನೆಂಟು ವರ್ಷದವರ ಪಾಲಿಗೆ ಬಂದಿದೆ. ಸಿನಿಮಾ ಇರಲಿ, ಕ್ರಿಕೆಟ್ ಪಂದ್ಯ ಇರಲಿ, ಮೈಸೂರಿನ ಮೃಗಾಲಯ ಇರಲಿ, ದೊಡ್ಡವರು ‘ಸ್ವಲ್ಪ ಬುಕ್ ಮಾಡು’ ಎನ್ನುತ್ತಾರೆ, ನಾವು ಮಾಡುತ್ತೇವೆ. ಹಣ ಅಬ್ಬಾರದ್ದು, ಒಟಿಪಿ ಬರುವುದು ಅಮ್ಮಿಯ ಫೋನಿಗೆ, ಬೆರಳು ಮಾತ್ರ ನಮ್ಮದು. ನಮ್ಮ ಮನೆಯಲ್ಲೂ ಹೀಗೆಯೇ. ದಾದಾ ಒಂದು ಕಾಲದಲ್ಲಿ ರಾಜಕುಮಾರ್ ಚಿತ್ರ ಬಿಡುಗಡೆಯಾದ ದಿನವೇ ಗಾಂಧಿ ಕ್ಲಾಸಿನ ಸಾಲಿನಲ್ಲಿ ನಿಂತು ಟಿಕೆಟ್ ತೆಗೆದವರು. ಇಂದು ಅವರಿಗೆ ಒಂದು ಚಿತ್ರ ನೋಡಬೇಕೆನಿಸಿದರೆ ಮೊದಲು ನನಗೆ ಬಿಡುವಿದೆಯೇ ಎಂದು ಕೇಳಬೇಕು.

ಇದನ್ನು ಈಗ ಬರೆಯಲು ಒಂದು ಕಾರಣವಿದೆ. ಈ ವರ್ಷ ನಮ್ಮ ಕಾಲೇಜಿನ ವಸ್ತುಪ್ರದರ್ಶನ ಮತ್ತು ಸಾಂಸ್ಕೃತಿಕ ಸಂಜೆಯ ಪಾಸುಗಳನ್ನು ಆನ್‌ಲೈನಿನಲ್ಲಿ ಮಾತ್ರ ಕೊಡಬೇಕು, ಕ್ಯೂಆರ್ ಕೋಡ್ ತೋರಿಸಿದವರನ್ನಷ್ಟೇ ಗೇಟಿನಲ್ಲಿ ಬಿಡಬೇಕು ಎಂಬ ಸಲಹೆ ವಿದ್ಯಾರ್ಥಿ ಸಂಘದ ಸಭೆಯಲ್ಲಿ ಬಂದಿದೆ. ಕಾಗದ ಉಳಿಯುತ್ತದೆ, ಲೆಕ್ಕ ಸುಲಭ, ಗದ್ದಲ ಕಡಿಮೆ ಎಂಬುದು ಅದರ ಪರವಾದ ವಾದ. ಮೂರೂ ನಿಜ. ಆದರೂ ‘ಮಾತ್ರ’ ಎಂಬ ಆ ಒಂದು ಪದಕ್ಕೆ ನನ್ನ ವಿರೋಧವಿದೆ. ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಆನ್‌ಲೈನ್ ಟಿಕೆಟ್ ಏನು ಮಾಡಿದೆ ಎಂದು ನೋಡಿದರೆ ಆ ವಿರೋಧಕ್ಕೆ ಕಾರಣ ಸಿಗುತ್ತದೆ.

ನಮ್ಮ ವಯಸ್ಸಿನವರು: ವೇಗದ ಸ್ಪರ್ಧೆ

ಮೊದಲು ನಮ್ಮಿಂದಲೇ ಆರಂಭಿಸೋಣ. ಯುವಜನರಿಗೆ ಆನ್‌ಲೈನ್ ಟಿಕೆಟ್ ಎಂದರೆ ವೇಗದ ಪಂದ್ಯ. 2024ರ ಸೆಪ್ಟೆಂಬರ್ 22ರಂದು ಕೋಲ್ಡ್‌ಪ್ಲೇ ತಂಡದ ಮುಂಬೈ ಕಾರ್ಯಕ್ರಮದ ಟಿಕೆಟ್ ಮಾರಾಟ ಬುಕ್‌ಮೈಶೋದಲ್ಲಿ ಆರಂಭವಾದಾಗ 1.3 ಕೋಟಿ ಜನ ಟಿಕೆಟಿಗಾಗಿ ಲಾಗಿನ್ ಆಗಿದ್ದರೆಂದು ಸಂಸ್ಥೆಯೇ ಹೇಳಿತು. ಪರದೆಯ ಮೇಲೆ ‘ನಿಮ್ಮ ಮುಂದೆ ಇಷ್ಟು ಲಕ್ಷ ಜನರಿದ್ದಾರೆ’ ಎಂಬ ಸಂಖ್ಯೆ ನೋಡುತ್ತಾ ಕುಳಿತವರಲ್ಲಿ ಹೆಚ್ಚಿನವರು ಬರಿಗೈಯಲ್ಲಿ ಎದ್ದರು. 2,500 ರೂಪಾಯಿಯಿಂದ 35,000 ರೂಪಾಯಿವರೆಗಿನ ಟಿಕೆಟ್‌ಗಳು ಸ್ವಲ್ಪ ಹೊತ್ತಿನಲ್ಲೇ ಮರುಮಾರಾಟದ ತಾಣಗಳಲ್ಲಿ ಲಕ್ಷಗಳ ಲೆಕ್ಕದಲ್ಲಿ ಕಾಣಿಸಿಕೊಂಡವು.

ಅಮೆರಿಕದಲ್ಲಿ ಇದಕ್ಕೂ ಮೊದಲೇ ಇಂಥದ್ದು ನಡೆದಿತ್ತು. 2022ರ ನವೆಂಬರ್‌ನಲ್ಲಿ ಟೇಲರ್ ಸ್ವಿಫ್ಟ್ ಅವರ ಪ್ರವಾಸದ ಟಿಕೆಟ್ಟಿಗೆ ಸುಮಾರು 35 ಲಕ್ಷ ಜನ ಮುಂಚಿತವಾಗಿ ನೋಂದಾಯಿಸಿದ್ದರು. ಮುಂಗಡ ಮಾರಾಟದ ಭಾರಕ್ಕೆ ಟಿಕೆಟ್‌ಮಾಸ್ಟರ್ ವ್ಯವಸ್ಥೆ ಕುಸಿಯಿತು, ಸಾರ್ವಜನಿಕ ಮಾರಾಟವೇ ರದ್ದಾಯಿತು. 2023ರ ಜನವರಿಯಲ್ಲಿ ಅಮೆರಿಕದ ಸೆನೆಟ್ ಸಮಿತಿ ಈ ವಿಷಯವಾಗಿ ವಿಚಾರಣೆ ನಡೆಸಿತು. ಒಂದು ಸಂಗೀತ ಕಾರ್ಯಕ್ರಮದ ಟಿಕೆಟ್ ಒಂದು ದೇಶದ ಸಂಸತ್ತಿನವರೆಗೆ ಹೋಯಿತೆಂದರೆ ಅದು ಬರೀ ಮೋಜಿನ ವಿಷಯವಲ್ಲ.

ದಕ್ಷಿಣ ಕೊರಿಯಾದ ಹುಡುಗ ಹುಡುಗಿಯರು ಜನಪ್ರಿಯ ಕಾರ್ಯಕ್ರಮದ ಟಿಕೆಟ್ ತೆರೆಯುವ ಹೊತ್ತಿಗೆ ‘ಪಿಸಿ ಬಾಂಗ್’ ಎಂಬ ಕಂಪ್ಯೂಟರ್ ಕೇಂದ್ರಗಳಿಗೆ ಹೋಗಿ ಕೂರುತ್ತಾರೆ. ಅಲ್ಲಿನ ಇಂಟರ್ನೆಟ್ ಮನೆಯದಕ್ಕಿಂತ ಒಂದು ಕ್ಷಣ ಮುಂದೆ ಇರಬಹುದೆಂಬ ಆಸೆ. ಈ ಪೈಪೋಟಿಗೆ ಅವರು ‘ರಕ್ತ ಹರಿಸುವ ಟಿಕೆಟಿಂಗ್’ ಎಂಬ ಅರ್ಥದ ಪದವನ್ನೇ ಕಟ್ಟಿಕೊಂಡಿದ್ದಾರೆ.

ಇಂಥ ಪಂದ್ಯದಲ್ಲಿ ಗೆಲ್ಲುವವರು ಯಾರು? ಒಳ್ಳೆಯ ಫೋನ್, ಒಳ್ಳೆಯ ಸಿಗ್ನಲ್, ಪಾವತಿಗೆ ಸಿದ್ಧವಾದ ಖಾತೆ ಇರುವವರು. ನಮ್ಮ ತರಗತಿಯಲ್ಲೇ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರಿದ್ದಾರೆ, ಅಣ್ಣನ ಫೋನನ್ನು ರಾತ್ರಿ ಅರ್ಧ ಗಂಟೆ ಮಾತ್ರ ಪಡೆಯುವವರಿದ್ದಾರೆ. ಯುವಕರೆಲ್ಲ ಡಿಜಿಟಲ್ ಎಂಬ ಮಾತು ಅರ್ಧ ಸತ್ಯ. ಒಂದೇ ವಯಸ್ಸಿನೊಳಗೂ ಉಳ್ಳವರು, ಇಲ್ಲದವರು ಇದ್ದಾರೆ.

ನಡುವಯಸ್ಸಿನವರು: ಹಣ ಕೊಡುವವರು, ಪರದೆ ನೋಡದವರು

ಎರಡನೆಯ ಗುಂಪು ನಮ್ಮ ತಂದೆ ತಾಯಂದಿರದು. ಅವರಿಗೆ ಯುಪಿಐ ಗೊತ್ತು, ಫೋನ್ ಗೊತ್ತು. ಆದರೆ ಟಿಕೆಟ್ ಬುಕ್ ಮಾಡುವ ಹೊತ್ತಿಗೆ ಫೋನನ್ನು ಮಕ್ಕಳ ಕೈಗೆ ಕೊಟ್ಟುಬಿಡುತ್ತಾರೆ. ಹೀಗಾಗಿ ಕೊನೆಯ ಪರದೆಯಲ್ಲಿ ಏನೇನು ಸೇರಿಕೊಂಡಿತು ಎಂದು ಹಣ ಕೊಟ್ಟವರೇ ನೋಡಿರುವುದಿಲ್ಲ.

ವಾಣಿಜ್ಯ ವಿದ್ಯಾರ್ಥಿಯಾಗಿ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಟಿಕೆಟ್ ಬೆಲೆ 200 ರೂಪಾಯಿ, ಸೇವಾಶುಲ್ಕ ಟಿಕೆಟ್ಟಿಗೆ 30 ರೂಪಾಯಿ ಎಂದಿಟ್ಟುಕೊಳ್ಳೋಣ. ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 35 ರೂಪಾಯಿ 40 ಪೈಸೆ ಆಗುತ್ತದೆ. ನಾಲ್ಕು ಜನರ ಕುಟುಂಬಕ್ಕೆ 141 ರೂಪಾಯಿ 60 ಪೈಸೆ. 800 ರೂಪಾಯಿ ಎಂದುಕೊಂಡ ಸಂಜೆ 941 ರೂಪಾಯಿ 60 ಪೈಸೆಗೆ ನಿಲ್ಲುತ್ತದೆ. ನಾಲ್ಕು ಟಿಕೆಟನ್ನು ಒಂದೇ ಸಲ, ಒಂದೇ ಗುಂಡಿ ಒತ್ತಿ ಕೊಂಡರೂ ಶುಲ್ಕ ಮಾತ್ರ ತಲೆಗೊಂದರಂತೆ. ಪಾಪ್‌ಕಾರ್ನ್ ಇನ್ನೂ ಬಂದೇ ಇಲ್ಲ.

ಈ ರೀತಿ ಬೆಲೆಯನ್ನು ಹನಿಹನಿಯಾಗಿ ತೋರಿಸುವುದು ಎಲ್ಲ ದೇಶಗಳಲ್ಲೂ ದೂರು ಹುಟ್ಟಿಸಿದೆ. ಅಮೆರಿಕದಲ್ಲಿ 2025ರ ಮೇ ತಿಂಗಳಿಂದ ಕಾರ್ಯಕ್ರಮದ ಟಿಕೆಟ್ ಮಾರುವವರು ಕಡ್ಡಾಯ ಶುಲ್ಕಗಳೆಲ್ಲ ಸೇರಿದ ಪೂರ್ಣ ಬೆಲೆಯನ್ನು ಮೊದಲೇ ತೋರಿಸಬೇಕೆಂಬ ನಿಯಮ ಜಾರಿಗೆ ಬಂದಿದೆ. ನಮ್ಮ ದೇಶದಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಆತುರ ಹುಟ್ಟಿಸುವುದು, ಕೇಳದೆಯೇ ದೇಣಿಗೆ ಅಥವಾ ಇನ್ನೊಂದು ವಸ್ತುವನ್ನು ಬಿಲ್ಲಿಗೆ ಸೇರಿಸುವುದು, ಬೆಲೆಯನ್ನು ಕೊನೆಯಲ್ಲಿ ಏರಿಸುವುದು ಎಲ್ಲವೂ ಆ ಪಟ್ಟಿಯಲ್ಲಿವೆ. ನಿಯಮವಿದೆ ಎಂದು ಗೊತ್ತಿದ್ದರೆ ತಾನೇ ದೂರು ಕೊಡುವುದು?

ಬ್ರಿಟನ್ನಿನ ಉದಾಹರಣೆ ನಡುವಯಸ್ಸಿನವರಿಗೆ ಇನ್ನೂ ಹತ್ತಿರದ್ದು. ಓಯಾಸಿಸ್ ತಂಡ ಒಡೆದುಹೋಗಿ ಹದಿನೈದು ವರ್ಷಗಳ ಬಳಿಕ ಮತ್ತೆ ಒಂದಾದಾಗ, 1990ರ ದಶಕದಲ್ಲಿ ಆ ಹಾಡುಗಳನ್ನು ಕೇಳಿ ಬೆಳೆದ, ಈಗ ನಲವತ್ತು ಐವತ್ತು ದಾಟಿದ ಜನ 2024ರ ಆಗಸ್ಟ್ 31ರಂದು ಗಂಟೆಗಟ್ಟಲೆ ಆನ್‌ಲೈನ್ ಸಾಲಿನಲ್ಲಿ ಕಾದರು. ತಮ್ಮ ಸರದಿ ಬರುವ ಹೊತ್ತಿಗೆ, ಸುಮಾರು 150 ಪೌಂಡಿನ ನಿಂತು ನೋಡುವ ಟಿಕೆಟುಗಳು ಮುಗಿದು, ಅದೇ ಜಾಗದ ಟಿಕೆಟ್ 350 ಪೌಂಡಿಗೂ ಹೆಚ್ಚಾಗಿತ್ತು. ಕೆಲವೇ ನಿಮಿಷದಲ್ಲಿ ತೀರ್ಮಾನಿಸಬೇಕು, ಇಲ್ಲವಾದರೆ ಸಾಲಿನಿಂದ ಹೊರಗೆ. ಅಲ್ಲಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ ತನಿಖೆ ನಡೆಸಿತು. ಹೀಗೆ ಎರಡು ಬೆಲೆಗಳಿದ್ದರೆ 24 ಗಂಟೆ ಮೊದಲೇ ಜನರಿಗೆ ತಿಳಿಸುವುದಾಗಿ ಟಿಕೆಟ್‌ಮಾಸ್ಟರ್ 2025ರಲ್ಲಿ ಒಪ್ಪಿಕೊಂಡಿತು.

ನಮ್ಮ ರಾಜ್ಯದಲ್ಲಿ ಚರ್ಚೆಯಾದದ್ದು ಬೆಲೆಯ ಮಿತಿಯ ಬಗ್ಗೆ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಸಿನಿಮಾ ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಆ ದಿನಗಳಲ್ಲಿ ನಾನು ಓದಿದ ಸುದ್ದಿಗಳಲ್ಲೆಲ್ಲ ಟಿಕೆಟ್ ಎಷ್ಟು ಎಂಬುದೇ ಪ್ರಶ್ನೆ. ಅದನ್ನು ಯಾರು, ಯಾವ ದಾರಿಯಲ್ಲಿ ಕೊಳ್ಳಬಲ್ಲರು ಎಂಬ ಪ್ರಶ್ನೆ ನನಗೆ ಕಾಣಲಿಲ್ಲ.

ಹಿರಿಯರು: ಕೇಳಿ ಪಡೆಯಬೇಕಾದವರು

ಮೂರನೆಯ ಗುಂಪು ಅಜ್ಜ ಅಜ್ಜಿಯರದು. ಇಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸ ಹೆಚ್ಚು. ಕಲಿಯಬೇಕಾದದ್ದೂ ಇಲ್ಲೇ ಹೆಚ್ಚು.

ಕೊರಿಯಾದಲ್ಲಿ ಹಿರಿಯರು ಇಷ್ಟಪಡುವ ‘ಟ್ರಾಟ್’ ಎಂಬ ಹಳೆಯ ಧಾಟಿಯ ಹಾಡುಗಾರಿಕೆ ಇದೆ. ಅದರ ಜನಪ್ರಿಯ ಗಾಯಕ ಇಮ್ ಯಂಗ್ ವೂಂಗ್ ಅವರ ಕಾರ್ಯಕ್ರಮದ ಟಿಕೆಟನ್ನು ಅರವತ್ತು ದಾಟಿದ ಅಭಿಮಾನಿಗಳಿಗಾಗಿ ಅವರ ಮಕ್ಕಳು, ಮೊಮ್ಮಕ್ಕಳು ಕಂಪ್ಯೂಟರ್ ಮುಂದೆ ಕುಳಿತು ಹಿಡಿಯುತ್ತಾರೆ. ಇದಕ್ಕೆ ಅಲ್ಲಿ ‘ಹ್ಯೋ-ಕೆಟಿಂಗ್’ ಎನ್ನುತ್ತಾರೆ. ‘ಹ್ಯೋ’ ಎಂದರೆ ತಂದೆ ತಾಯಿಯರ ಸೇವೆ, ಉಳಿದದ್ದು ಟಿಕೆಟಿಂಗ್. ಪದ ಮುದ್ದಾಗಿದೆ. ಆದರೆ ಮಕ್ಕಳಿಲ್ಲದ ಅಥವಾ ಮಕ್ಕಳು ದೂರವಿರುವ ಹಿರಿಯರ ಗತಿಯೇನು ಎಂಬ ಪ್ರಶ್ನೆಯೂ ಅದರೊಳಗೇ ಇದೆ. ಅದೇ ದೇಶದ ರೈಲ್ವೆ ಈ ಪ್ರಶ್ನೆಗೆ ಒಂದು ಉತ್ತರ ಕಂಡುಕೊಂಡಿದೆ. ಹಬ್ಬದ ಕಾಲದ ರೈಲು ಟಿಕೆಟುಗಳನ್ನು ಎಲ್ಲರಿಗೂ ತೆರೆಯುವ ಮೊದಲು 65 ದಾಟಿದವರಿಗೆ ಮತ್ತು ಅಂಗವಿಕಲರಿಗೆ ಪ್ರತ್ಯೇಕವಾಗಿ ಕಾಯ್ದಿರಿಸುವ ಅವಕಾಶ ಕೊಡುತ್ತದೆ. ಅವರು ಫೋನ್ ಕರೆ ಮಾಡಿಯೂ ಕಾಯ್ದಿರಿಸಬಹುದು.

ಜಪಾನಿನ ದಾರಿ ಬೇರೆ. ಅಲ್ಲಿ ಹೆಚ್ಚು ಕಡಿಮೆ ಪ್ರತಿ ಮೂಲೆಯಲ್ಲೂ ಇರುವ ದಿನಸಿ ಅಂಗಡಿಗಳೇ ಟಿಕೆಟ್ ಕಿಟಕಿಗಳು. ಲಾಸನ್ ಎಂಬ ಅಂಗಡಿಗಳಲ್ಲಿರುವ ಯಂತ್ರದಲ್ಲಿ ಕಾರ್ಯಕ್ರಮ ಆರಿಸಿ, ಚೀಟಿ ಪಡೆದು, ಪಕ್ಕದ ಕೌಂಟರಿನಲ್ಲಿ ನಗದು ಕೊಟ್ಟರೆ ಅಂಗಡಿಯವರು ಕಾಗದದ ಟಿಕೆಟ್ ಕೊಡುತ್ತಾರೆ. ಮುಂಗಡವಾಗಿ ಮಾತ್ರ ಟಿಕೆಟ್ ಸಿಗುವ ಮಿತಾಕಾದ ಪ್ರಸಿದ್ಧ ಘಿಬ್ಲಿ ವಸ್ತುಸಂಗ್ರಹಾಲಯದ ಟಿಕೆಟನ್ನೂ ಲಾಸನ್ ಮೂಲಕವೇ ಮಾರುತ್ತಾರೆ. ಆನ್‌ಲೈನಿನಲ್ಲಿ ಕಾಯ್ದಿರಿಸಿದವರೂ ಅಂಗಡಿಗೆ ಹೋಗಿ ನಗದು ಕಟ್ಟಬಹುದು. ಜನಸಂಖ್ಯೆಯ ಹತ್ತರಲ್ಲಿ ಸುಮಾರು ಮೂವರು 65 ದಾಟಿರುವ ದೇಶದಲ್ಲಿ ಯಂತ್ರವನ್ನೂ ಮನುಷ್ಯನನ್ನೂ ಅಕ್ಕಪಕ್ಕ ನಿಲ್ಲಿಸಿದ್ದಾರೆ. ಇನ್ನೂ ಒಂದು ಒಳ್ಳೆಯ ಪದ್ಧತಿ ಅಲ್ಲಿದೆ. ದೊಡ್ಡ ಕಾರ್ಯಕ್ರಮಗಳ ಟಿಕೆಟನ್ನು ಮೊದಲು ಬಂದವರಿಗೆ ಕೊಡದೆ, ಕೆಲವು ದಿನ ಅರ್ಜಿ ಪಡೆದು ಲಾಟರಿ ಎತ್ತುತ್ತಾರೆ. ಆಗ ಬೆರಳಿನ ವೇಗಕ್ಕೆ ಬೆಲೆಯಿಲ್ಲ. ಇಪ್ಪತ್ತರ ಹುಡುಗನಿಗೂ ಎಪ್ಪತ್ತರ ಅಜ್ಜಿಗೂ ಅವಕಾಶ ಒಂದೇ. ಲಾಭಕ್ಕಾಗಿ ಟಿಕೆಟ್ ಮರುಮಾರಾಟ ಮಾಡುವುದನ್ನು 2019ರ ಜೂನ್‌ನಿಂದ ಜಪಾನ್ ಅಪರಾಧವೆಂದೇ ಘೋಷಿಸಿದೆ.

ಚೀನಾ ಡಿಜಿಟಲ್ ದಾರಿಯಲ್ಲಿ ಬಹಳ ದೂರ ಹೋದ ದೇಶ. ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯ 2017ರಲ್ಲೇ ಪೂರ್ತಿ ಆನ್‌ಲೈನ್ ಟಿಕೆಟಿಗೆ ಬದಲಾಯಿತು. 2023ರಿಂದ 5,000ಕ್ಕಿಂತ ಹೆಚ್ಚು ಪ್ರೇಕ್ಷಕರಿರುವ ಕಾರ್ಯಕ್ರಮಗಳಿಗೆ ಗುರುತಿನ ಚೀಟಿ ಕೊಟ್ಟೇ ಟಿಕೆಟ್ ಕೊಳ್ಳಬೇಕು, ಒಂದು ಚೀಟಿಗೆ ಒಂದೇ ಟಿಕೆಟ್. ಕಾಳಸಂತೆಗೆ ಅದು ಕಡಿವಾಣ. ಆದರೆ ಅದೇ ಚೀನಾ ಸರ್ಕಾರ 2020ರ ನವೆಂಬರ್‌ನಲ್ಲಿ, ಸ್ಮಾರ್ಟ್‌ಫೋನ್ ಬಳಸಲಾಗದ ಹಿರಿಯರಿಗಾಗಿ ಸಾರ್ವಜನಿಕ ಸೇವೆಗಳಲ್ಲಿ ಮನುಷ್ಯರಿರುವ ಕಿಟಕಿಗಳನ್ನು ಉಳಿಸಬೇಕೆಂದು ಸೂಚನೆ ಹೊರಡಿಸಬೇಕಾಯಿತು. ಎಲ್ಲವನ್ನೂ ಫೋನಿಗೆ ಸೇರಿಸಿದ ಮೇಲೆ ಹಿಂತಿರುಗಿ ನೋಡಿದಾಗ ಹಿರಿಯರು ಹಿಂದೆ ಉಳಿದದ್ದು ಕಂಡಿತು.

ಬ್ರಿಟನ್ ಆ ತಪ್ಪಿನ ಅಂಚಿಗೆ ಹೋಗಿ ಮರಳಿತು. 2023ರಲ್ಲಿ ಇಂಗ್ಲೆಂಡಿನ ರೈಲು ನಿಲ್ದಾಣಗಳ ಹೆಚ್ಚಿನ ಟಿಕೆಟ್ ಕಚೇರಿಗಳನ್ನು ಮುಚ್ಚುವ ಯೋಜನೆ ಬಂತು. ಸುಮಾರು ಏಳೂವರೆ ಲಕ್ಷ ಜನ ತಮ್ಮ ಅಭಿಪ್ರಾಯ ಬರೆದು ಕಳಿಸಿದರು. ಹಿರಿಯರ ಮತ್ತು ಅಂಗವಿಕಲರ ಸಂಘಟನೆಗಳು ವಿರೋಧಿಸಿದವು. ಅಕ್ಟೋಬರ್ ಅಂತ್ಯದಲ್ಲಿ ಯೋಜನೆ ಕೈಬಿಡಲಾಯಿತು. ಅದು ರೈಲಿನ ಮಾತು, ಮನರಂಜನೆಯದಲ್ಲ. ಆದರೆ ಕಿಟಕಿಯ ಮಾತು ಒಂದೇ.

ಇವೆಲ್ಲಕ್ಕೂ ಬೇರೆಯಾದ ಚಿತ್ರ ನಮ್ಮಲ್ಲಿ ಅನೇಕರ ಬಂಧುಗಳು ದುಡಿಯುತ್ತಿರುವ ಸೌದಿ ಅರೇಬಿಯಾದ್ದು. ಅಲ್ಲಿ ಮೂವತ್ತೈದು ವರ್ಷಗಳ ಬಳಿಕ ಚಿತ್ರಮಂದಿರ ತೆರೆದದ್ದು 2018ರ ಏಪ್ರಿಲ್‌ನಲ್ಲಿ, ಅಂದರೆ ಸ್ಮಾರ್ಟ್‌ಫೋನಿನ ಕಾಲದಲ್ಲಿ. 2022ರ ಜನಗಣತಿಯ ಪ್ರಕಾರ ಸೌದಿ ನಾಗರಿಕರಲ್ಲಿ ಶೇಕಡಾ 63 ಮಂದಿ 30 ವರ್ಷದೊಳಗಿನವರು. ಅಲ್ಲಿನ ಹೆಚ್ಚಿನವರಿಗೆ ಸಿನಿಮಾ ಮತ್ತು ಆ್ಯಪ್ ಒಟ್ಟಿಗೇ ಬಂದವು. ಕಿಟಕಿಯ ಅಭ್ಯಾಸವೇ ಇಲ್ಲದ ಕಡೆ ಅದನ್ನು ಕಳೆದುಕೊಂಡ ದುಃಖವೂ ಕಡಿಮೆ. ನಮ್ಮ ಊರು ಹಾಗಲ್ಲ. ಇಲ್ಲಿ ಮೂರು ತಲೆಮಾರು ಒಂದೇ ಮನೆಯಲ್ಲಿದೆ, ಮೂರಕ್ಕೂ ಬೇರೆ ಬೇರೆ ಅಭ್ಯಾಸ.

ಕಿಟಕಿಯೂ ಸ್ವರ್ಗವಾಗಿರಲಿಲ್ಲ

ಹಳೆಯದೆಲ್ಲ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ. 2011ರ ವಿಶ್ವಕಪ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಮತ್ತು ಇಂಗ್ಲೆಂಡ್ ತಲಾ 338 ರನ್ ಗಳಿಸಿ ಟೈ ಮಾಡಿಕೊಂಡ ಪಂದ್ಯ ಎಲ್ಲರಿಗೂ ಗೊತ್ತು. ಅದಕ್ಕೆ ಮೂರು ದಿನ ಮೊದಲು ಅದೇ ಕ್ರೀಡಾಂಗಣದ ಹೊರಗೆ, ಇಡೀ ರಾತ್ರಿ ಸಾಲಿನಲ್ಲಿ ನಿಂತವರ ಮೇಲೆ ಪೊಲೀಸರು ಲಾಠಿ ಬೀಸಿದ್ದು ನಮ್ಮ ವಯಸ್ಸಿನ ಹೆಚ್ಚಿನವರಿಗೆ ಗೊತ್ತಿಲ್ಲ. ಸಿನಿಮಾ ಕಿಟಕಿಯ ಮುಂದೆ ತೋಳ್ಬಲವಿದ್ದವನೇ ಮುಂದೆ. ‘ಹೌಸ್‌ಫುಲ್’ ಬೋರ್ಡ್ ಬಿದ್ದ ಮೇಲೆ ಬ್ಲ್ಯಾಕ್ ಟಿಕೆಟಿನವನದೇ ರಾಜ್ಯ.

ಹುಡುಗಿಯರ ಮಟ್ಟಿಗಂತೂ ಆನ್‌ಲೈನ್ ಟಿಕೆಟ್ ದೊಡ್ಡ ಉಪಕಾರ ಮಾಡಿದೆ. ನನ್ನ ಅಮ್ಮಿಗೆ ಆ ಸಾಲಿಗೆ ಹೋಗುವ ಧೈರ್ಯ ಎಂದೂ ಆಗಲಿಲ್ಲವಂತೆ. ಮನೆಯ ಗಂಡಸರು ತಂದರೆ ಉಂಟು, ಇಲ್ಲವಾದರೆ ಇಲ್ಲ. ಇಂದು ನನ್ನ ಅಕ್ಕ ಗೆಳತಿಯರ ಜೊತೆ ವಸ್ತುಪ್ರದರ್ಶನಕ್ಕೋ ಪುಸ್ತಕ ಮೇಳಕ್ಕೋ ಹೋಗಬೇಕೆಂದರೆ ಯಾರ ಹಿಂದೆಯೂ ನಿಲ್ಲಬೇಕಿಲ್ಲ. ಬೇಕಾದ ಸೀಟನ್ನು ಆರಿಸಿಕೊಳ್ಳುತ್ತಾಳೆ. ಗಾಲಿಕುರ್ಚಿಯಲ್ಲಿರುವವರಿಗೂ, ದೂರದ ಊರಿನಿಂದ ಬರುವವರಿಗೂ ಇದೇ ಅನುಕೂಲ. ಆದ್ದರಿಂದ ಆ್ಯಪ್ ತೆಗೆದುಹಾಕಿ ಎಂಬುದು ನನ್ನ ವಾದವಲ್ಲ.

ನಾನು ಹೇಳುವುದಿಷ್ಟೇ. ಕಿಟಕಿ ಒಬ್ಬರನ್ನು ಹೊರಗಿಟ್ಟಿತ್ತು, ಆ್ಯಪ್ ಇನ್ನೊಬ್ಬರನ್ನು ಹೊರಗಿಡುತ್ತದೆ. ಎರಡೂ ಇದ್ದರೆ ಹೊರಗುಳಿಯುವವರು ಕಡಿಮೆ.

ನಮ್ಮ ಕಾಲೇಜಿಗೆ ಕೆಲವು ಸಲಹೆ

ಈಗ ನಮ್ಮ ಗೇಟಿಗೆ ಬರೋಣ. ವಸ್ತುಪ್ರದರ್ಶನಕ್ಕೆ ಬರುವವರು ಯಾರು? ಮಾದರಿ ಮಾಡಿದ ಮಗಳನ್ನು ನೋಡಲು ಬರುವ ತಾಯಿ, ಮೊಮ್ಮಗನ ಭಾಷಣ ಕೇಳಲು ಬರುವ ಅಜ್ಜ, ಪಕ್ಕದ ಬೀದಿಯ ಸರ್ಕಾರಿ ಶಾಲೆಯ ಮಕ್ಕಳು. ಇವರಲ್ಲಿ ಎಷ್ಟೋ ಜನರಿಗೆ ಸ್ವಂತ ಸ್ಮಾರ್ಟ್‌ಫೋನ್ ಇಲ್ಲ. ಕ್ಯೂಆರ್ ಕೋಡ್ ಇಲ್ಲವೆಂದು ಗೇಟಿನಲ್ಲಿ ನಿಲ್ಲಿಸಿದರೆ ಅವರು ಜಗಳವಾಡುವುದಿಲ್ಲ, ಸುಮ್ಮನೆ ಮನೆಗೆ ಹೋಗುತ್ತಾರೆ. ನಮಗೆ ದೂರು ಬರುವುದಿಲ್ಲ, ಎಲ್ಲ ಸರಿಯಿದೆ ಎಂದುಕೊಳ್ಳುತ್ತೇವೆ. ನನ್ನ ಆತಂಕ ಇದೇ.

ಹಾಗಾಗಿ ಪ್ರಾಂಶುಪಾಲರು, ಉಪನ್ಯಾಸಕರು ಮತ್ತು ವಿದ್ಯಾರ್ಥಿ ಸಂಘದ ಮುಂದೆ ಈ ಸಲಹೆಗಳನ್ನಿಡುತ್ತೇನೆ.

ಒಂದು, ಪಾಸುಗಳಲ್ಲಿ ಒಂದು ಪಾಲನ್ನು ಕಚೇರಿಯ ಕಿಟಕಿಗೆ ಮೀಸಲಿಡಿ. ಆನ್‌ಲೈನ್ ತೆರೆಯುವ ಎರಡು ದಿನ ಮೊದಲೇ ಅಲ್ಲಿ ಕೊಡಿ. ಕೊರಿಯಾದ ರೈಲ್ವೆ ಮಾಡುವುದನ್ನು ನಾವೂ ಮಾಡಬಹುದು.

ಎರಡು, ಸಾಂಸ್ಕೃತಿಕ ಸಂಜೆಗೆ ಸೀಟಿಗಿಂತ ಬೇಡಿಕೆ ಹೆಚ್ಚಿದ್ದರೆ ‘ಮೊದಲು ಬಂದವರಿಗೆ’ ಎಂಬ ನಿಯಮ ಬಿಟ್ಟು ಜಪಾನಿನಂತೆ ಮೂರು ದಿನ ಹೆಸರು ಪಡೆದು ಚೀಟಿ ಎತ್ತಿ. ಬೆಳಗಿನ ಪ್ರಾರ್ಥನಾ ಸಭೆಯಲ್ಲೇ ಎತ್ತಿದರೆ ಯಾರಿಗೂ ಅನುಮಾನ ಇರುವುದಿಲ್ಲ.

ಮೂರು, ಆನ್‌ಲೈನ್ ಅರ್ಜಿಯಲ್ಲಿ ಹೆಸರು ಮತ್ತು ಎಷ್ಟು ಜನ ಎಂಬುದಷ್ಟೇ ಸಾಕು. ಆಧಾರ್, ಹುಟ್ಟಿದ ದಿನಾಂಕ, ತಂದೆಯ ಉದ್ಯೋಗ ಯಾವುದೂ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ನಮ್ಮಲ್ಲಿ ಬಹುತೇಕರು ಆ ವಯಸ್ಸಿನವರೇ.

ನಾಲ್ಕು, ಗೇಟಿನಲ್ಲಿ ಕ್ಯೂಆರ್ ಯಂತ್ರದ ಪಕ್ಕ ಹೆಸರಿನ ಪಟ್ಟಿ ಹಿಡಿದ ಇಬ್ಬರು ವಿದ್ಯಾರ್ಥಿಗಳು ಇರಲಿ. ಚಾರ್ಜ್ ಮುಗಿದ ಫೋನಿನ ಯುವಕರಿಗೂ ಅದು ಉಪಯೋಗಕ್ಕೆ ಬರುತ್ತದೆ.

ನನ್ನ ಗೆಳೆಯ ಗೆಳತಿಯರಿಗೂ ಎರಡು ಮಾತು. ಮನೆಯವರ ಹಣದಲ್ಲಿ ಟಿಕೆಟ್ ತೆಗೆಯುವಾಗ ಕೊನೆಯ ಪರದೆಯನ್ನು ಅವರಿಗೆ ಓದಿ ಹೇಳಿ, ಆಮೇಲೆ ಒತ್ತಿ. ಅವರಿಗೆ ಲೆಕ್ಕ ತಿಳಿಯುತ್ತದೆ, ನಮಗೆ ಜವಾಬ್ದಾರಿ ತಿಳಿಯುತ್ತದೆ. ಟೆಲಿಗ್ರಾಮ್, ಇನ್‌ಸ್ಟಾಗ್ರಾಮ್‌ನಲ್ಲಿ ‘ಎಕ್ಸ್‌ಟ್ರಾ ಟಿಕೆಟ್ ಇದೆ’ ಎನ್ನುವ ಅಪರಿಚಿತರಿಗೆ ಮುಂಗಡ ಕಳಿಸಬೇಡಿ. ಒಂದೇ ಕ್ಯೂಆರ್ ಕೋಡಿನ ಚಿತ್ರವನ್ನು ಹತ್ತು ಜನರಿಗೆ ಮಾರುವುದು ಕಷ್ಟದ ಕೆಲಸವಲ್ಲ, ಗೇಟಿನಲ್ಲಿ ಒಳಗೆ ಹೋಗುವವನು ಮೊದಲು ತೋರಿಸಿದವನೊಬ್ಬನೇ.

ವಿದ್ಯಾರ್ಥಿ ಸಂಘದ ಮುಂದಿನ ಸಭೆಯಲ್ಲಿ ಪಾಸಿನ ವಿಷಯ ಮತ್ತೆ ಬರಲಿದೆ. ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ಬನ್ನಿ: ಕಾಲೇಜಿನ ಕಾರ್ಯಕ್ರಮಕ್ಕೆ ಯಾರ ಸಹಾಯವೂ ಇಲ್ಲದೆ ಪಾಸ್ ಪಡೆಯಲು ನಿಮಗೆ ಯಾವ ದಾರಿ ಸುಲಭ? ಅವರ ಉತ್ತರವನ್ನು ಸಭೆಗೆ ತಂದು ಹೇಳಿ. ನನ್ನ ಅಭಿಪ್ರಾಯ ತಪ್ಪೆಂದು ನಿಮಗನಿಸಿದರೆ ಮುಂದಿನ ಸಂಚಿಕೆಗೆ ಬರೆಯಿರಿ, ಖಂಡಿತ ಓದುತ್ತೇನೆ.